ಗುಂಡಿಯ ಕೆಸರು ಗೊಬ್ಬರವಾಗಲಿ, ಕೆರೆಯ ನೀರು ಕೆಡದಿರಲಿ



ರಾಜಘಟ್ಟ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ರಾಗಿ, ದ್ರಾಕ್ಷಿ, ತರಕಾರಿ ಬೆಳೆಯುವವರಿಗೆ ಗೊಬ್ಬರದ ಬೆಲೆ ಗೊತ್ತು. ದನಕರು ಕಡಿಮೆಯಾದ ಮನೆಗಳಲ್ಲಿ ತಿಪ್ಪೆಯೂ ಸಣ್ಣದಾಗಿದೆ. ಇಂಥ ವೇಳೆಯಲ್ಲಿ ಪಟ್ಟಣದ ಕಕ್ಕಸು ಗುಂಡಿ ತೆಗೆದ ಟ್ಯಾಂಕರು ಹೊಲದ ಬದುವಿಗೆ ಬಂದು ನಿಂತರೆ ಬೇಡವೆನ್ನುವುದು ಕಷ್ಟ. ಆ ಕೆಸರಿನಲ್ಲಿ ಸಾರಜನಕ, ರಂಜಕ ಇರುವುದು ನಿಜ. ಆದರೆ ಅದನ್ನು ಹಸಿಯಾಗಿ ಸುರಿಯುವುದರಿಂದ ಲಾಭಕ್ಕಿಂತ ಹಾನಿಯೇ ಹೆಚ್ಚು.

ಹಸಿ ಕೆಸರಿನಲ್ಲಿರುವ ಜಂತುಹುಳುವಿನ ಮೊಟ್ಟೆಗಳು ಮಣ್ಣಿನಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಜೀವ ಹಿಡಿದಿರುತ್ತವೆ. ಕೊಕ್ಕೆಹುಳು ಬರಿಗಾಲಿನಿಂದಲೇ ಮೈಯೊಳಗೆ ಸೇರುತ್ತದೆ. ಸೊಪ್ಪು, ಮೂಲಂಗಿ, ಕ್ಯಾರೆಟ್ ಮೂಲಕ ರೋಗ ಅಡುಗೆಮನೆಗೆ ಬರುತ್ತದೆ. ಮಳೆ ಬಂದಾಗ ಕೊಳೆ ಕೆರೆಗೆ ಹರಿದರೆ, ನೈಟ್ರೇಟ್ ಕೊಳವೆಬಾವಿಗೆ ಇಳಿಯುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಮೀರಿದರೆ ಹಸುಗೂಸುಗಳಿಗೆ ಅಪಾಯ.

ಈ ಸೀಮೆಯ ಕೆರೆಗಳು ಒಂದಕ್ಕೊಂದು ಹೊಂದಿಕೊಂಡಿವೆ. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ ಸೇರುತ್ತದೆ. ನಂದಿ ಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ದೊಡ್ಡಬಳ್ಳಾಪುರದ ಕೆರೆಗಳನ್ನು ಹಾಯ್ದು ಹೆಸರಘಟ್ಟ, ತಿಪ್ಪಗೊಂಡನಹಳ್ಳಿಗಳತ್ತ ಸಾಗುತ್ತದೆ. ದೊಡ್ಡಬಳ್ಳಾಪುರ ಪಟ್ಟಣದ ಹಾಗೂ ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶದ ಕೊಳಚೆ ಸೇರಿ ದೊಡ್ಡತುಮಕೂರು, ಮಜರಾಹೊಸಹಳ್ಳಿ ಕೆರೆಗಳು ಕೆಟ್ಟದ್ದನ್ನೂ, ಆ ಗ್ರಾಮಸ್ಥರು ಹೋರಾಟಕ್ಕೆ ಇಳಿದದ್ದನ್ನೂ ತಾಲ್ಲೂಕಿನ ಜನ ಬಲ್ಲರು.

ಇದಕ್ಕೆ ಪರಿಹಾರ ದೂರದಲ್ಲಿಲ್ಲ. ನೆರೆಯ ದೇವನಹಳ್ಳಿಯಲ್ಲಿ ಒಳಚರಂಡಿ ಇಲ್ಲದಿದ್ದಾಗ, 2015ರಲ್ಲಿ ಅಲ್ಲಿನ ಪುರಸಭೆ ಬೆಂಗಳೂರಿನ ಸಿ.ಡಿ.ಡಿ. ಸೊಸೈಟಿಯ ನೆರವಿನಿಂದ ಮಲದ ಕೆಸರು ಶುದ್ಧೀಕರಿಸುವ ಘಟಕವನ್ನು ಆರಂಭಿಸಿತು. ಅದರ ಸಾಮರ್ಥ್ಯ ದಿನಕ್ಕೆ 6,000 ಲೀಟರ್, ಅಂದರೆ ಒಂದೆರಡು ಟ್ಯಾಂಕರ್ ಲೋಡು.

ಅದರ ವಿಧಾನ ಸರಳ. ಟ್ಯಾಂಕರಿನ ಕೆಸರು ಜಾಲರಿ ದಾಟಿ ಗಾಳಿಯಾಡದ ತೊಟ್ಟಿಗೆ ಹೋಗುತ್ತದೆ. ಅಲ್ಲಿ ಗೋಬರ್ ಗ್ಯಾಸಿನಂತೆಯೇ ಅನಿಲ ಹುಟ್ಟಿ ಕೆಸರು ಕಳಿಯುತ್ತದೆ. ಆಮೇಲೆ ಅದನ್ನು ಮರಳು ಮತ್ತು ಜಲ್ಲಿಯ ಪಾತಿಗಳಲ್ಲಿ ಹರಡಿ ಒಣಗಿಸುತ್ತಾರೆ. ಬಸಿದ ನೀರು ಸೋಸು ತೊಟ್ಟಿಯನ್ನೂ, ಗಿಡ ನೆಟ್ಟ ಜಲ್ಲಿ ಪಾತಿಯನ್ನೂ ಹಾದು ತಿಳಿಯಾಗುತ್ತದೆ. ಒಣಗಿದ ಕೆಸರನ್ನು ಪಟ್ಟಣದ ಹಸಿ ಕಸದೊಡನೆ ರಾಶಿ ಹಾಕಿ ಕಾಂಪೋಸ್ಟ್ ಮಾಡುತ್ತಾರೆ. ಚೆನ್ನಾಗಿ ಮಾಡಿದ ರಾಶಿಯೊಳಗಿನ ಕಾವು 55 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ಈ ಕಾವು ಕೆಲವು ದಿನ ನಿಂತರೆ ಜಂತುಹುಳುವಿನ ಮೊಟ್ಟೆ ಸಾಯುತ್ತದೆ. ಹಸಿ ಕೆಸರಿಗೂ ಈ ಗೊಬ್ಬರಕ್ಕೂ ಇರುವ ಅಂತರ ಇಷ್ಟೇ. ಆದರೆ ಆರೋಗ್ಯ ನಿಂತಿರುವುದು ಈ ಅಂತರದ ಮೇಲೆಯೇ.

ಕಾರ್ಖಾನೆಯ ನೀರಿಗೆ ಈ ಕ್ರಮ ಒಗ್ಗದು. ಬಣ್ಣ ಮತ್ತು ರಾಸಾಯನಿಕ ಬೆರೆತರೆ ಕೆಸರು ಕಳಿಸುವ ಜೀವಾಣುಗಳೇ ಸಾಯುತ್ತವೆ. ಅದನ್ನು ಕಾರ್ಖಾನೆಯಲ್ಲಿಯೇ ಬೇರೆಯಾಗಿ ಶುದ್ಧಿ ಮಾಡಬೇಕು.

ರೈತರು ಗಮನಿಸಬೇಕಾದ ಅಂಶಗಳು:

1. ಹಸಿ ಕೆಸರಿನ ಟ್ಯಾಂಕರನ್ನು ಹೊಲಕ್ಕೂ ಕೆರೆಯ ಅಂಗಳಕ್ಕೂ ಬಿಡಬೇಡಿ. ಕಾಂಪೋಸ್ಟ್ ಆದದ್ದನ್ನೇ ಕೇಳಿ ಪಡೆಯಿರಿ.
2. ಮನೆಯಲ್ಲಿ ಜೋಡಿಗುಂಡಿ ಕಕ್ಕಸು ಕಟ್ಟಿಸಿ. ಒಂದು ಗುಂಡಿ ತುಂಬಿದ ಮೇಲೆ ಮುಚ್ಚಿ, 2 ವರ್ಷ ಬಿಟ್ಟು ತೆಗೆಯಿರಿ.
3. ಬಚ್ಚಲ ನೀರನ್ನು ಬೀದಿಗೆ ಬಿಡದೆ ಬಾಳೆ, ತೆಂಗಿನ ಬುಡಕ್ಕೆ ತಿರುಗಿಸಿ.
4. ಬಾವಿ ನೀರನ್ನು ವರ್ಷಕ್ಕೊಮ್ಮೆಯಾದರೂ ಪರೀಕ್ಷೆ ಮಾಡಿಸಿ.
5. ಪಟ್ಟಣದ ಕೊಳಚೆ ಕಾಲುವೆಗೆ ಬಂದರೆ ಗ್ರಾಮ ಪಂಚಾಯಿತಿಯ ಮೂಲಕ ಲಿಖಿತ ದೂರು ಕೊಡಿ.

ಮೇಲಿನ ಊರು ಬಿಟ್ಟ ನೀರನ್ನೇ ಕೆಳಗಿನ ಊರು ಕುಡಿಯುತ್ತದೆ. ಪ್ರತಿಯೊಂದು ಊರೂ ಇನ್ನೊಂದು ಊರಿಗೆ ಮೇಲಿನ ಊರೇ ಎಂಬುದನ್ನು ಮರೆಯದಿದ್ದರೆ ಕೆರೆ ಉಳಿಯುತ್ತದೆ, ಬೆಳೆಯೂ ಉಳಿಯುತ್ತದೆ.