ಲೇಬರ್ ಲಾಯರ್ ಮುಖ್ಯಮಂತ್ರಿ ಆದಾಗ: ರೇಚಲ್ ನಾಟ್ಲಿ ಮತ್ತು ಬಿಲ್ 6

ಇವತ್ತು ಕೆನಡಾದ ಆಲ್ಬರ್ಟಾ ಪ್ರಾಂತ್ಯಕ್ಕೆ ಹೋಗೋಣ. ಪ್ರಾಂತ್ಯ ಅಂದ್ರೆ ನಮ್ಮ ರಾಜ್ಯದ ಥರ, ಅಲ್ಲಿನ ಪ್ರೀಮಿಯರ್ ಅಂದ್ರೆ ನಮ್ಮ ಮುಖ್ಯಮಂತ್ರಿ. ತೈಲ, ಗೋಧಿ, ದನಗಳ ನಾಡು ಅದು. 1971ರಿಂದ 44 ವರ್ಷ ಒಂದೇ ಪಕ್ಷ ಆಳಿತ್ತು. 2015ರ ಮೇ ತಿಂಗಳಲ್ಲಿ ಆ ಪಕ್ಷವನ್ನ ಇಳಿಸಿದ್ದು ರೇಚಲ್ ನಾಟ್ಲಿ, ವೃತ್ತಿಯಲ್ಲಿ ಲೇಬರ್ ಲಾಯರ್. 87 ಸೀಟಲ್ಲಿ 54 ಅವರ ಎನ್‌ಡಿಪಿಗೆ. 2008ರಲ್ಲಿ ಅವರು ಮೊದಲ ಸಲ ಗೆದ್ದಾಗ ಸದನದಲ್ಲಿ ಪಕ್ಷಕ್ಕಿದ್ದದ್ದು ಬರೀ ಎರಡು ಸೀಟು!

ರಾಜಕೀಯ ಮನೆಯಲ್ಲೇ ಇತ್ತು. ತಂದೆ ಗ್ರಾಂಟ್ ನಾಟ್ಲಿ ಅದೇ ಪಕ್ಷದ ಪ್ರಾಂತೀಯ ನಾಯಕ, 1984ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ್ರು. ಆದ್ರೆ ಮಗಳು ನೇರವಾಗಿ ಚುನಾವಣೆಗೆ ಇಳೀಲಿಲ್ಲ. ಕಾನೂನು ಓದಿ, ಯೂನಿಯನ್‌ಗಳಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ್ರು. ಅವರ ವಿಷಯ, ಕೆಲಸದಲ್ಲಿ ಗಾಯಗೊಂಡವರ ಪರಿಹಾರ.

ಬಿ.ಕಾಂ.ನಲ್ಲಿ ನಮಗೆ ಇದು ಒಂದು ಚಾಪ್ಟರ್, ಐದು ಮಾರ್ಕ್ಸ್‌ನ ಪ್ರಶ್ನೆ. ಕೆನಡಾದಲ್ಲಿ ವ್ಯವಸ್ಥೆ ಹೀಗಿದೆ: ಮಾಲೀಕರು ಪ್ರೀಮಿಯಂ ಕಟ್ತಾರೆ, ಗಾಯವಾದ್ರೆ ತಪ್ಪು ಯಾರದ್ದು ಅಂತ ನೋಡದೆ ಮಂಡಳಿ ದುಡ್ಡು ಕೊಡುತ್ತೆ, ಬದಲಿಗೆ ಕಾರ್ಮಿಕ ಮಾಲೀಕನ ಮೇಲೆ ಕೇಸ್ ಹಾಕೋ ಹಾಗಿಲ್ಲ. ಆದ್ರೆ ಆಲ್ಬರ್ಟಾದಲ್ಲಿ ಹೊಲದ ಕೂಲಿಯವರಿಗೆ ಇದು ಕಡ್ಡಾಯ ಇರಲಿಲ್ಲ. ಮಾಲೀಕ ತಾನಾಗಿ ವಿಮೆ ಮಾಡಿಸದೇ ಇದ್ರೆ, ಯಂತ್ರಕ್ಕೆ ಕೈ ಸಿಕ್ಕವನಿಗೆ ಉಳಿದ ದಾರಿ ಕೋರ್ಟು. ಕೆಲಸ ಕೊಟ್ಟವನ ಮೇಲೇ ಕೇಸು! ಎಷ್ಟು ಜನ ಹೋಗ್ತಾರೆ ಹೇಳಿ?

ಗೆದ್ದ ಆರೇ ತಿಂಗಳಿಗೆ, 2015ರ ನವೆಂಬರ್‌ನಲ್ಲಿ, ಅವರ ಸರ್ಕಾರ ಬಿಲ್ 6 ಮಂಡಿಸಿತು. ಹೊಲದ ಕೂಲಿಗೂ ಪರಿಹಾರ, ಸುರಕ್ಷತಾ ಕಾನೂನು. ರೈತರು ಟ್ರ್ಯಾಕ್ಟರ್ ತಗೊಂಡು ಬೀದಿಗೆ ಬಂದ್ರು. ‘ನಮ್ಮ ಮಕ್ಕಳು ನಮ್ಮ ದನಕ್ಕೆ ಮೇವು ಹಾಕಿದ್ರೂ ಇನ್‌ಸ್ಪೆಕ್ಟರ್ ಬರ್ತಾನಾ?’ ಅನ್ನೋ ಭಯ. ಕೊನೆಗೆ ಸರ್ಕಾರ ತಿದ್ದುಪಡಿ ತಂದು ಕುಟುಂಬದವರನ್ನ, ಸಹಾಯಕ್ಕೆ ಬರೋ ನೆರೆಯವರನ್ನ ಹೊರಗಿಟ್ಟು ಡಿಸೆಂಬರ್‌ನಲ್ಲಿ ಪಾಸ್ ಮಾಡಿತು.

ನನಗೆ ವಿಚಿತ್ರ ಅನ್ಸೋದು ಇಲ್ಲೇ. ಯೂನಿಯನ್ ಲಾಯರ್ ಅಂದ್ರೆ ಮಾಲೀಕರ ಎದುರು ಕೂತು ಮಾತಾಡೋದೇ ಕಸುಬು. ಎದುರಿನವನಿಗೆ ಎಲ್ಲಿ ನೋಯುತ್ತೆ ಅಂತ ಮೊದಲೇ ಗೊತ್ತಿರಬೇಕು. ಈ ಬಿಲ್‌ನಲ್ಲಿ ಎದುರಿನ ಕುರ್ಚಿ ಖಾಲಿ ಇತ್ತು. ಕುಟುಂಬದ ವಿನಾಯಿತಿ ಮೊದಲ ದಿನವೇ ಬಿಲ್‌ನಲ್ಲಿ ಬರೆದಿದ್ರೆ ಅರ್ಧ ಟ್ರ್ಯಾಕ್ಟರ್ ಮನೇಲೇ ಇರ್ತಿತ್ತು ಅಂತ ನನ್ನ ಲೆಕ್ಕ. ಉದ್ದೇಶ ಸರಿ ಇತ್ತು, ಅದರಲ್ಲಿ ನನಗೆ ಅನುಮಾನ ಇಲ್ಲ.

ಎನ್‌ಡಿಪಿ ಸೋತಿದ್ದಕ್ಕೆ ಇದೊಂದೇ ಕಾರಣ ಅಲ್ಲ. ತೈಲದ ಬೆಲೆ ಬಿದ್ದು ಪ್ರಾಂತ್ಯದ ಜೇಬು ಖಾಲಿ ಆಗಿತ್ತು, ಬಲಪಂಥದ ಎರಡು ಪಕ್ಷಗಳು ಒಂದಾಗಿದ್ವು. ಕನಿಷ್ಠ ವೇತನ ಗಂಟೆಗೆ 15 ಡಾಲರ್ ಮಾಡಿದ್ದೂ ಇದೇ ಸರ್ಕಾರ, 2018ರಲ್ಲಿ. 2019ರಲ್ಲಿ ಸೀಟು 24ಕ್ಕೆ ಇಳೀತು, ಹಳ್ಳಿ ಭಾಗ ಬಹುತೇಕ ಕೈಬಿಟ್ಟಿತು. ಹೊಸ ಪ್ರೀಮಿಯರ್ ಜೇಸನ್ ಕೆನಿ ಅದೇ ವರ್ಷ ಬಿಲ್ 26 ತಂದು ಬಿಲ್ 6ನ್ನ ತೆಗೆದುಹಾಕಿದ್ರು. ಪರಿಹಾರ ಮಂಡಳಿಯೇ ಬೇಕಾಗಿಲ್ಲ, ಖಾಸಗಿ ವಿಮೆಯಾದ್ರೂ ನಡೆಯುತ್ತೆ ಅಂದ್ರು.

ನಿಮ್ಮ ಊರಲ್ಲಿ ಒಕ್ಕಣೆ ಯಂತ್ರಕ್ಕೆ ಕೈ ಕೊಟ್ಟವರಿಗೆ ದುಡ್ಡು ಯಾರು ಕೊಟ್ರು? ಗೊತ್ತಿದ್ರೆ ವಾಯ್ಸ್ ನೋಟ್ ಕಳಿಸಿ, ಮುಂದಿನ ವಾರ ಕೇಳಿಸ್ತೀನಿ.