ನೂರು ಮಂದಿಗೆ ಬಿಸಿ ಪಾವ್



ಮನೆಯಲ್ಲಿ ನಾಲ್ಕು ಮಂದಿಗೆ ಮಾಡುವ ತಿಂಡಿಯನ್ನು ನೂರು ಮಂದಿಗೆ ಮಾಡಬೇಕಾಗಿ ಬಂದರೆ ಏನು ಮಾಡುತ್ತೀರಿ? ಎಲ್ಲವನ್ನೂ ಇಪ್ಪತ್ತೈದರಿಂದ ಗುಣಿಸಿದರೆ ಆಯಿತು ಎಂದು ಲೆಕ್ಕದ ಪುಸ್ತಕ ಹೇಳುತ್ತದೆ. ಮದುವೆ ಮನೆಯ ಅಡುಗೆಯವರನ್ನು ಕೇಳಿ ನೋಡಿ, ಅವರು ಹಾಗೆ ಹೇಳುವುದಿಲ್ಲ. ಹತ್ತು ಮಂದಿಗೆ ರುಚಿಯಾಗಿದ್ದ ಪಲ್ಯ ಐನೂರು ಮಂದಿಗೆ ಮಾಡಿದಾಗ ನೀರಾಗುತ್ತದೆ, ಇಲ್ಲವೇ ತಳ ಹಿಡಿಯುತ್ತದೆ. ಮೊದಲ ಪಂಕ್ತಿಯವನಿಗೆ ಬಿಸಿ ಊಟ, ಕೊನೆಯ ಪಂಕ್ತಿಯವನಿಗೆ ಆರಿದ್ದು. ಕೆಲವೊಮ್ಮೆ ಅದಕ್ಕಿಂತ ಕೆಟ್ಟದ್ದೂ ಆಗುತ್ತದೆ. ಊಟವಾದ ಎಂಟು ಹತ್ತು ಗಂಟೆಗಳ ಮೇಲೆ ಮಕ್ಕಳು ಹೊಟ್ಟೆ ಹಿಡಿದುಕೊಂಡು ಆಸ್ಪತ್ರೆ ಸೇರಿದ ಸುದ್ದಿಯನ್ನು ನೀವು ಪತ್ರಿಕೆಗಳಲ್ಲಿ ಓದಿಯೇ ಇರುತ್ತೀರಿ.

ನಿಮ್ಮ ಶಾಲೆಯ ಸ್ನೇಹ ಸಮ್ಮೇಳನಕ್ಕೆ ನೀವೇ ಮಾಡಿ ಬಡಿಸಬಹುದಾದ ಒಂದು ತಿಂಡಿಯನ್ನು ಇಂದು ನೋಡೋಣ. ಅಮೆರಿಕದಲ್ಲಿ ಇದಕ್ಕೆ ಸ್ಲೈಡರ್ ಎನ್ನುತ್ತಾರೆ. ಅಂದರೆ ಎರಡು ಮೂರು ತುತ್ತಿಗೆ ಮುಗಿಯುವ ಪುಟ್ಟ ಬನ್ನು, ಒಳಗೆ ಹೂರಣ. 1921ರಲ್ಲಿ ಕನ್ಸಾಸ್ ಪ್ರಾಂತದ ವಿಚಿಟಾದಲ್ಲಿ ಆರಂಭವಾದ ವೈಟ್ ಕ್ಯಾಸಲ್ ಎಂಬ ಅಂಗಡಿ ಇಂಥ ಪುಟ್ಟ ಬನ್ನುಗಳಿಗೆ ಹೆಸರಾಯಿತು. ಮೆಕ್ಸಿಕೋದ ಟಾಕೋ ಎಂಬ ತಿನಿಸಿನ ಮಸಾಲೆಯನ್ನು ಇದಕ್ಕೆ ಸೇರಿಸಿ, ತಟ್ಟೆಗಟ್ಟಲೆ ಒಲೆಯಲ್ಲಿ ಬೇಯಿಸಿ ಹಂಚುವ ಪದ್ಧತಿ ಈಗ ಅಲ್ಲಿಯ ಮನೆಗಳಲ್ಲಿದೆ. ಹೆಸರು ಕೇಳಿ ದೂರದ್ದೆಂದು ತಿಳಿಯಬೇಡಿ. ಹನುಮಸಾಗರದ ಬೇಕರಿಯ ಪಾವ್, ಸಂತೆಯ ಮಡಕಿಕಾಳು, ಉಳ್ಳಾಗಡ್ಡಿ, ಮನೆಯ ಖಾರಪುಡಿ ಇದ್ದರೆ ಸಾಕು.

ಮೊದಲು ದೊಡ್ಡ ಪಾತ್ರೆಯ ಗುಟ್ಟನ್ನು ತಿಳಿಯೋಣ. ಒಂದು ಪಾತ್ರೆಯ ಉದ್ದ, ಅಗಲ, ಎತ್ತರ ಮೂರನ್ನೂ ಇಮ್ಮಡಿ ಮಾಡಿದಿರಿ ಎನ್ನಿ. ಅದರಲ್ಲಿ ಹಿಡಿಯುವ ಅಡುಗೆ 8 ಪಟ್ಟಾಗುತ್ತದೆ. ಆದರೆ ಬಿಸಿ ಒಳಗೆ ಹೋಗುವ, ಹಬೆ ಹೊರಗೆ ಬರುವ ಮೈ 4 ಪಟ್ಟು ಮಾತ್ರ. ಗಣಿತದ ತರಗತಿಯಲ್ಲಿ ಓದಿದ ವಿಸ್ತೀರ್ಣ ಮತ್ತು ಘನಫಲದ ಪಾಠವೇ ಇದು. ಆದ್ದರಿಂದ ದೊಡ್ಡ ಪಾತ್ರೆ ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ಅದರಲ್ಲಿನ ನೀರೂ ಆ ಪ್ರಮಾಣದಲ್ಲಿ ಹಬೆಯಾಗಿ ಹೋಗುವುದಿಲ್ಲ. ಮನೆಯ ಅಳತೆಯಲ್ಲಿ ನೀರನ್ನು ಗುಣಿಸಿ ಹಾಕಿದರೆ ಪಲ್ಯ ಸಾರಾಗುವುದು ಇದೇ ಕಾರಣಕ್ಕೆ. ಉಪ್ಪು ಮಾತ್ರ ಹಬೆಯಾಗುವುದಿಲ್ಲ. ಅದನ್ನು ತೂಕದ ಲೆಕ್ಕದಲ್ಲೇ ಹಾಕಬೇಕು. ಮುಷ್ಟಿಯ ಅಂದಾಜು ಅನುಭವಸ್ಥರಿಗೆ ಸರಿ, ನಿಮಗೆ ತಕ್ಕಡಿಯೇ ಸರಿ.

ನೂರಾರು ಅಲ್ಲ, ಲಕ್ಷಾಂತರ ಮಂದಿಗೆ ಉಣಬಡಿಸುವುದನ್ನು ನಮ್ಮ ಜಿಲ್ಲೆಯ ಜನ ಬಹಳ ಹಿಂದೆಯೇ ಕಲಿತಿದ್ದಾರೆ. ಕೊಪ್ಪಳದ ಗವಿಮಠದ ಜಾತ್ರೆಯನ್ನು ನೀವು ನೋಡಿರಬಹುದು. ಜಾತ್ರೆ ಹತ್ತಿರವಾಗುತ್ತಿದ್ದಂತೆ ಕುಷ್ಟಗಿ, ಯಲಬುರ್ಗಾ, ಕೊಪ್ಪಳದ ಸುತ್ತಿನ ಹಳ್ಳಿಗಳಿಂದ ಟ್ರ್ಯಾಕ್ಟರುಗಳಲ್ಲಿ, ಚಕ್ಕಡಿಗಳಲ್ಲಿ ಜೋಳದ ರೊಟ್ಟಿ ಮಠಕ್ಕೆ ಬರುತ್ತದೆ. ಲೆಕ್ಕ ಲಕ್ಷಗಳಲ್ಲಿ. ಯಾವ ರೊಟ್ಟಿ ಯಾರ ಮನೆಯದೆಂದು ಆ ರಾಶಿಯಲ್ಲಿ ಯಾರಿಗೂ ತಿಳಿಯುವುದಿಲ್ಲ, ಕೇಳುವವರೂ ಇಲ್ಲ. ಇಷ್ಟು ರೊಟ್ಟಿ ದಿನಗಟ್ಟಲೆ ಕೆಡದೆ ಉಳಿಯುವುದು ಹೇಗೆ? ಅವು ಕಡಕ್ ರೊಟ್ಟಿಗಳು. ತೆಳ್ಳಗೆ ಬಡಿದು, ಹಂಚಿನ ಮೇಲೆ ಬೇಯಿಸಿ, ಆಮೇಲೆ ಸಣ್ಣ ಉರಿಗೆ ಒರಗಿಸಿ ಒಣಗಿಸಿದಂಥವು. ನೀರಿನಂಶ ಅಷ್ಟು ಕಡಿಮೆಯಾದಾಗ ಬೂಸ್ಟಾಗಲಿ ಬ್ಯಾಕ್ಟೀರಿಯಾವಾಗಲಿ ಬೆಳೆಯಲಾರವು. ಒಣಗಿದ ರೊಟ್ಟಿಯನ್ನು ನೂರು ಊರಿನ ಒಲೆಗಳಲ್ಲಿ ಮುಂಚಿತವಾಗಿಯೇ ಮಾಡಿಡಬಹುದು. ಹಸಿಯಾದ ಪಲ್ಯ, ಸಾರುಗಳನ್ನು ಮಾತ್ರ ಊಟದ ಹೊತ್ತಿಗೆ, ಊಟದ ಜಾಗದಲ್ಲಿ ಬಿಸಿಯಾಗಿ ಮಾಡುತ್ತಾರೆ. ಒಣಗಿದ್ದು ಬೇರೆ, ಹಸಿಯಾದದ್ದು ಬೇರೆ. ಎರಡೂ ಕೂಡುವುದು ಎಲೆಯ ಮೇಲೆ.

ಈಚಿನ ವರ್ಷಗಳಲ್ಲಿ ಅದೇ ಜಾತ್ರೆಯಲ್ಲಿ ಮಿರ್ಚಿಯನ್ನೂ ಲಕ್ಷಗಳ ಲೆಕ್ಕದಲ್ಲಿ ಕರಿಯುತ್ತಾರೆ. ಮಿರ್ಚಿಯ ಕೆಲಸ ಬೇರೆ ಬಗೆಯದು. ಒಂದೊಂದು ಮೆಣಸಿನಕಾಯಿಯನ್ನೂ ಸೀಳಬೇಕು, ಒಂದೊಂದನ್ನೂ ಹಿಟ್ಟಿನಲ್ಲಿ ಅದ್ದಬೇಕು, ಒಂದೊಂದನ್ನೂ ಎಣ್ಣೆಗೆ ಬಿಡಬೇಕು. ನೂರಾರು ಕೈಗಳಿದ್ದರೆ ಮಾತ್ರ ಅದು ಸಾಧ್ಯ. ನಿಮ್ಮ ಶಾಲೆಯಲ್ಲಿ ಅಷ್ಟು ಕೈಗಳಿಲ್ಲ, ಕುದಿಯುವ ಎಣ್ಣೆಯ ಬಳಿ ಮಕ್ಕಳನ್ನು ನಿಲ್ಲಿಸುವುದೂ ತರವಲ್ಲ. ನಮಗೆ ಬೇಕಾದದ್ದು ರೊಟ್ಟಿಯ ದಾರಿ.

ಬೇಕರಿಯ ಪಾವನ್ನು ಗಮನಿಸಿದ್ದೀರಾ? ಅದು ಬಿಡಿಬಿಡಿಯಾಗಿ ಬೇಯುವುದಿಲ್ಲ. ಹಿಟ್ಟಿನ ಉಂಡೆಗಳನ್ನು ತಟ್ಟೆಯಲ್ಲಿ ಒತ್ತೊತ್ತಾಗಿ ಇಡುತ್ತಾರೆ. ಉಬ್ಬಿದಾಗ ಅವು ಒಂದಕ್ಕೊಂದು ಅಂಟಿಕೊಂಡು ಒಂದೇ ಹಲಗೆಯಾಗುತ್ತವೆ. ಇದಕ್ಕೆ ಲಾದಿ ಎನ್ನುತ್ತಾರೆ. ಮೇಲೆ ಕೆಳಗೆ ಮಾತ್ರ ಕಂದು ಬಣ್ಣ, ಬದಿಗಳಲ್ಲಿ ಮೆತ್ತಗೆ. ಸ್ಲೈಡರಿನ ಜಾಣತನವೆಲ್ಲ ಈ ಲಾದಿಯಲ್ಲಿದೆ. ಪಾವುಗಳನ್ನು ಬಿಡಿಸಬೇಡಿ. 12 ಪಾವಿನ ಇಡೀ ಲಾದಿಯನ್ನು ಉದ್ದನೆಯ ಚೂರಿಯಿಂದ ಅಡ್ಡಲಾಗಿ ಸೀಳಿ, ಪುಸ್ತಕದ ರಟ್ಟು ತೆಗೆದ ಹಾಗೆ ಮೇಲಿನ ಪದರವನ್ನು ಎತ್ತಿಡಿ. ಕೆಳಗಿನ ಪದರದ ಮೇಲೆ ಹೂರಣ ಹರಡಿ, ಮೇಲಿನದನ್ನು ಮುಚ್ಚಿ, ಒಲೆಗೆ ಕಳಿಸಿ. ಬೆಂದ ಮೇಲೆ ಕತ್ತರಿಸಿದರಾಯಿತು. ಒಂದು ಸಲದ ಕೆಲಸಕ್ಕೆ 12 ಬನ್ನು. ಮಿರ್ಚಿಗೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ.

ಈಗ ಲೆಕ್ಕ. ನೂರು ಮಂದಿಗೆ ತಲಾ ಎರಡರಂತೆ 200 ಪಾವ್. 12ರ 17 ಲಾದಿ ತಂದರೆ 204 ಆಗುತ್ತವೆ. ಒಂದು ಲಾದಿಗೆ 400 ಗ್ರಾಂ ಹೂರಣ ಎಂದರೆ ಒಟ್ಟು 6 ಕಿಲೋ 800 ಗ್ರಾಂ. ಇದಕ್ಕೆ ಒಣ ಮಡಕಿಕಾಳು 2 ಕಿಲೋ 200 ಗ್ರಾಂ ಸಾಕು, ಬೆಂದಾಗ ಅದು 5 ಕಿಲೋ ಸುಮಾರಿಗೆ ಬರುತ್ತದೆ. ಉಳ್ಳಾಗಡ್ಡಿ 2 ಕಿಲೋ, ಟೊಮ್ಯಾಟೊ 2 ಕಿಲೋ. ಇವೆರಡೂ ಬಾಡಿ, ನೀರು ಬಿಟ್ಟು, ಅರ್ಧಕ್ಕೆ ಇಳಿಯುತ್ತವೆ. ಅಮೆರಿಕದಲ್ಲಿ ಕೊಚ್ಚಿದ ಮಾಂಸ ಹಾಕುತ್ತಾರೆ. ನೂರು ಮಕ್ಕಳು ಒಟ್ಟಿಗೆ ಉಣ್ಣುವಲ್ಲಿ ಕಾಳೇ ಲೇಸೆಂದು ನನ್ನ ಅಭಿಪ್ರಾಯ. ಯಾರನ್ನೂ ಹೊರಗೆ ಕೂಡಿಸಬೇಕಾಗುವುದಿಲ್ಲ, ಖರ್ಚೂ ಕಡಿಮೆ.

ಟಾಕೋ ಮಸಾಲೆ ಎಂದು ಚೀಲದಲ್ಲಿ ಮಾರುವುದು ಏನು ಎಂದು ಬಿಡಿಸಿ ನೋಡಿದರೆ ನಗು ಬರುತ್ತದೆ. ಜೀರಿಗೆ, ಕೆಂಪು ಖಾರ, ಬಳ್ಳೊಳ್ಳಿ, ಉಪ್ಪು, ಒರೆಗಾನೊ ಎಂಬ ಒಂದು ಒಣ ಎಲೆ. ಮೆಣಸಿನಕಾಯಿ ಮೆಕ್ಸಿಕೋದ ಕಡೆಯಿಂದ ಹೊರಟು, ಪೋರ್ಚುಗೀಸರ ಹಡಗುಗಳಲ್ಲಿ ನಮ್ಮ ನಾಡಿಗೆ ಬಂತು. ಮೆಣಸಿನಂತೆ ಖಾರವಿರುವ ಕಾಯಿ ಎಂದು ನಾವು ಹೆಸರಿಟ್ಟೆವು. ಜೀರಿಗೆ ಆ ಕಡೆಗೆ ಸ್ಪೇನಿನವರ ಜೊತೆಗೆ ಹೋಯಿತು. ಟೊಮ್ಯಾಟೊ ಅಲ್ಲಿಯದು, ಉಳ್ಳಾಗಡ್ಡಿ ಹೊರಗಿನಿಂದ ಅಲ್ಲಿಗೆ ಹೋದದ್ದು. ನಮ್ಮ ಹೊಲಗಳ ಗೋವಿನಜೋಳವೂ ಮೆಕ್ಸಿಕೋದ ಮೂಲದ್ದೇ. ಅಲ್ಲಿಯ ಹೆಣ್ಣುಮಕ್ಕಳು ಅದನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರುಬ್ಬಿ, ಹಂಚಿನ ಮೇಲೆ ರೊಟ್ಟಿ ಮಾಡುತ್ತಾರೆ. ಅದರಲ್ಲಿ ಪಲ್ಯ ಮಡಚಿ ತಿಂದರೆ ಟಾಕೋ. ನಮ್ಮ ರೈತ ಹೊಲದ ಬದುವಿನಲ್ಲಿ ಕೂತು ರೊಟ್ಟಿಯಲ್ಲಿ ಪುಂಡಿಪಲ್ಯ ಮಡಚಿ ತಿನ್ನುವುದಕ್ಕೂ ಇದಕ್ಕೂ ಏನು ದೂರ?

ನಮ್ಮ ಹೂರಣಕ್ಕೆ ಹುರಿದ ಜೀರಿಗೆ ಪುಡಿ 50 ಗ್ರಾಂ, ಬ್ಯಾಡಗಿ ಖಾರಪುಡಿ 60 ಗ್ರಾಂ, ಕೊತ್ತಂಬರಿ ಪುಡಿ 40 ಗ್ರಾಂ, ಜಜ್ಜಿದ ಬಳ್ಳೊಳ್ಳಿ 100 ಗ್ರಾಂ, ಉಪ್ಪು 65 ಗ್ರಾಂ. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಬ್ಯಾಡಗಿ ಕಾಯಿ ಬಣ್ಣ ಹೆಚ್ಚು, ಖಾರ ಕಡಿಮೆ. ನೂರು ನಾಲಗೆಗಳಲ್ಲಿ ಖಾರ ತಡೆಯದವೂ ಇರುತ್ತವೆ, ಆದ್ದರಿಂದ ಅದೇ ಒಳ್ಳೆಯದು. ಒರೆಗಾನೊ ಸಿಗದಿದ್ದರೆ 5 ಗ್ರಾಂ ಅಜವಾನವನ್ನು ಕೈಯಲ್ಲಿ ತಿಕ್ಕಿ ಹಾಕಿ. ಎರಡರ ವಾಸನೆಯೂ ಹತ್ತಿರದ ಬಂಧುಗಳು. ಇದಕ್ಕಿಂತ ಹೆಚ್ಚಾದರೆ ಮಾತ್ರ ಕಷಾಯದ ನೆನಪಾಗುತ್ತದೆ.

ಹೂರಣ ಒಣಗಿರಬೇಕು. ಎಲ್ಲ ಕೆಡುವುದು ಇಲ್ಲಿಯೇ. ಬೆಂದ ಕಾಳನ್ನು ಚೆನ್ನಾಗಿ ಬಸಿದು, ಅರ್ಧ ಹಿಸುಕಿ, ಅಗಲವಾದ ಕಡಾಯಿಯಲ್ಲಿ ಉಳ್ಳಾಗಡ್ಡಿ ಟೊಮ್ಯಾಟೊ ಜೊತೆ ಬಾಡಿಸಿ. ಆಳದ ಪಾತ್ರೆ ಬೇಡ, ಹಬೆ ಹೋಗಲು ಮೈ ಅಗಲವಿರಬೇಕು. ಸವಟಿನಿಂದ ತಳದಲ್ಲಿ ಗೆರೆ ಎಳೆದರೆ ಆ ಗೆರೆ ಕ್ಷಣಕಾಲ ಹಾಗೇ ನಿಲ್ಲಬೇಕು, ನೀರು ಓಡಿ ಬಂದು ಮುಚ್ಚಬಾರದು. ಲಾದಿಯ ಕೆಳಪದರವನ್ನು ಮೊದಲು ಮೂರು ನಾಲ್ಕು ನಿಮಿಷ ಬಿಸಿ ಮಾಡಿ, ಸೀಳಿದ ಮೈಗೆ ತೆಳುವಾಗಿ ಬೆಣ್ಣೆ ಸವರಿ, ತುರಿದ ಚೀಸ್ ಸ್ವಲ್ಪ ಉದುರಿಸಿ. ಜಿಡ್ಡು ನೀರನ್ನು ತಡೆಯುತ್ತದೆ. ಹೀಗೆ ಮಾಡದಿದ್ದರೆ ಕೆಳಗಿನ ಪಾವ್ ಮುದ್ದೆಯಾಗಿ, ಎತ್ತಿದ ಕೂಡಲೇ ಹೂರಣ ಅಂಗಿಯ ಮೇಲೆ ಬೀಳುತ್ತದೆ. ಒಟ್ಟಿಗೆ ಒಂದೂವರೆ ಕಿಲೋ ಚೀಸ್ ಸಾಕು. ಮುಚ್ಚಿದ ಮೇಲೆ ಬಳ್ಳೊಳ್ಳಿ ಬೆರೆಸಿದ ಬೆಣ್ಣೆಯನ್ನು ಮೇಲ್ಮೈಗೆ ಸವರಿ, ಎಳ್ಳು ಉದುರಿಸಿ.

ಶಾಲೆಯಲ್ಲಿ ಒಲೆ ಎಲ್ಲಿಂದ ತರುವುದು ಎಂದು ಕೇಳುತ್ತೀರಿ. ಪಾವ್ ಕೊಂಡ ಬೇಕರಿಯವರನ್ನೇ ಕೇಳಿ. ಬೆಳಗಿನ ಬ್ರೆಡ್ಡು ತೆಗೆದ ಮೇಲೆ ಅವರ ಭಟ್ಟಿ ಬಹಳ ಹೊತ್ತು ಬಿಸಿಯಾಗಿಯೇ ಇರುತ್ತದೆ. ಹಳೆಯ ಇಟ್ಟಿಗೆ ಭಟ್ಟಿಯಾದರೆ ಮಧ್ಯಾಹ್ನದವರೆಗೂ ಕಾವು ಉಳಿಯುತ್ತದೆ. 180 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ತಟ್ಟೆಯ ಮೇಲೆ ಅಲ್ಯೂಮಿನಿಯಂ ಹಾಳೆ ಮುಚ್ಚಿ 12 ನಿಮಿಷ, ಹಾಳೆ ತೆಗೆದು ಇನ್ನು ನಾಲ್ಕೈದು ನಿಮಿಷ. ಮೊದಲಿನದು ಒಳಗೆ ಬಿಸಿ ಸೇರಲು, ಎರಡನೆಯದು ಮೇಲ್ಮೈ ಗರಿಗರಿಯಾಗಲು. ಒಂದು ತಟ್ಟೆಗೆ ಎರಡು ಲಾದಿ, ಒಂದು ಸಲಕ್ಕೆ ಮೂರು ತಟ್ಟೆ ಎಂದರೆ 72 ಬನ್ನು, 36 ಮಂದಿಗೆ ಆಯಿತು. ಅವರು ತಿನ್ನುತ್ತಿರುವಾಗ ಎರಡನೆಯ ಸುತ್ತು ಬೇಯುತ್ತಿರುತ್ತದೆ. ಎಲ್ಲವನ್ನೂ ಒಮ್ಮೆಗೇ ಬೇಯಿಸಿ ಗುಡ್ಡೆ ಹಾಕಬೇಡಿ. ಮೂರು ಸುತ್ತು ಮಾಡಿದರೆ ಮೊದಲನೆಯವನಿಗೂ ಕಡೆಯವನಿಗೂ ಒಂದೇ ಬಿಸಿ ಸಿಗುತ್ತದೆ.

ಇನ್ನು ಹೊಟ್ಟೆಯ ಕ್ಷೇಮದ ಮಾತು. ಕಾಳನ್ನು ಹಿಂದಿನ ರಾತ್ರಿ ನೆನೆಸಿಡಿ, ಆದರೆ ಬೇಯಿಸಿಡಬೇಡಿ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜನ್ಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಕುದಿಯುವ ನೀರಿನಲ್ಲಿಯೂ ಸಾಯುವುದಿಲ್ಲ. ದೊಡ್ಡ ಪಾತ್ರೆ ರಾತ್ರಿಯಿಡೀ ನಿಧಾನವಾಗಿ ಆರುತ್ತಿರುವಾಗ ಅವು ಮೊಳೆತು, ಬೆಚ್ಚಗಿನ ಹೂರಣದಲ್ಲಿ ವೃದ್ಧಿಯಾಗುತ್ತವೆ. ದೊಡ್ಡ ಪಾತ್ರೆಯ ಮೈಯ ಲೆಕ್ಕ ಹೇಳಿದೆನಲ್ಲ, ಅದು ಇಲ್ಲಿ ಜೀವಕ್ಕೆ ಬರುತ್ತದೆ. ಬೇಯಿಸಿದ ಹೂರಣವನ್ನು 60 ಡಿಗ್ರಿಗಿಂತ ಬಿಸಿಯಾಗಿಯೇ ಇಟ್ಟು ಕೂಡಲೇ ತುಂಬಬೇಕು. ಕೈಯಲ್ಲಿ ಗಾಯ, ಕೀವು ಇರುವವರು ಅಡುಗೆಗೆ ಕೈ ಹಾಕಬಾರದು, ತಟ್ಟೆ ಲೆಕ್ಕ ಹಾಕಲಿ, ನೀರು ಕೊಡಲಿ. ಗಾಯದಲ್ಲಿರುವ ಸ್ಟೆಫೈಲೋಕಾಕಸ್ ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. 2002ರಲ್ಲಿ ನಮ್ಮ ಜಿಲ್ಲೆಯೂ ಸೇರಿ ಉತ್ತರದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಮೊದಲಾದಾಗ, ಶಾಲೆಯ ಅಂಗಳದಲ್ಲೇ ಬೇಯಿಸಿ ಬಿಸಿಯಾಗಿ ಬಡಿಸುವ ಕ್ರಮವನ್ನು ತಂದರು. ಬಿಸಿಯೂಟ ಎಂಬ ಹೆಸರು ಬಾಯಿಗೆ ಹಿತವೆಂದು ಮಾತ್ರ ಬಂದದ್ದಲ್ಲ.

ಹನ್ನೊಂದು ಗಂಟೆಗೆ ಬಡಿಸಬೇಕಾದರೆ ಕಾಳು ಏಳಕ್ಕೆ ಒಲೆಯ ಮೇಲಿರಬೇಕು, ಒಂಬತ್ತೂವರೆಗೆ ಹೂರಣ ಸಿದ್ಧ, ಹತ್ತಕ್ಕೆ ಲಾದಿ ಸೀಳುವುದು, ಹತ್ತೂವರೆಗೆ ಮೊದಲ ಮೂರು ತಟ್ಟೆ ಭಟ್ಟಿಗೆ. ತುಂಬಿದ ಲಾದಿಗಳನ್ನು ಹಿಂದಿನ ದಿನವೇ ಸಿದ್ಧಪಡಿಸಿ ಇಡುವ ಆಸೆ ಬೇಡ. ತುಂಬದ ಪಾವ್ ಉಳಿದರೆ ಬಿಡಿಸಿ, ಉದ್ದುದ್ದ ಹೆಚ್ಚಿ, ಆರುತ್ತಿರುವ ಅದೇ ಭಟ್ಟಿಯಲ್ಲಿ ಇಟ್ಟುಬಿಡಿ. ಸಂಜೆಗೆ ಕಡಕ್ ಆಗಿರುತ್ತದೆ, ಒಂದು ವಾರ ಚಹಾದ ಜೊತೆಗೆ ತಿನ್ನಬಹುದು. ಹೂರಣ ಉಳಿದರೆ ಆ ಮಧ್ಯಾಹ್ನವೇ ಯಾರಿಗಾದರೂ ರೊಟ್ಟಿಯ ಜೊತೆ ಹಾಕಿ ಕೊಟ್ಟು ಪಾತ್ರೆ ತೊಳೆದಿಡಿ.