ಊರ ಚುನಾವಣೆಗೆ ದಿನ ಗೊತ್ತುಮಾಡುವವರಾರು?

ಗಾಣಗಾಪುರದವರಿಗೆ ದಿನ ಗೊತ್ತುಮಾಡುವ ವಿದ್ಯೆ ಹೊಸದಲ್ಲ. ಅಮಾವಾಸ್ಯೆ, ಹುಣ್ಣಿಮೆ, ಗುರುವಾರ, ದತ್ತ ಜಯಂತಿ: ಇವುಗಳ ಲೆಕ್ಕದ ಮೇಲೆಯೇ ಇಲ್ಲಿನ ಅಂಗಡಿಯ ವ್ಯಾಪಾರ, ವಸತಿಗೃಹದ ಕೋಣೆ, ಬಸ್ಸಿನ ಸುತ್ತು ಎಲ್ಲವೂ ನಿಂತಿವೆ. ಪಂಚಾಂಗವನ್ನು ಯಾರೂ ಮುಂದೂಡಲಾರರು. ಮಾರ್ಗಶಿರದ ಹುಣ್ಣಿಮೆ ಬಂತೆಂದರೆ ಬಂತು. ಊರು ಸಿದ್ಧವಿರಲಿ ಬಿಡಲಿ, ಭೀಮಾ–ಅಮರ್ಜಾ ಸಂಗಮಕ್ಕೆ ಜನ ಇಳಿಯುತ್ತಾರೆ. ಇದೇ ಊರಿನ ಇನ್ನೊಂದು ಹಬ್ಬಕ್ಕೆ, ಅಂದರೆ ಸ್ಥಳೀಯ ಚುನಾವಣೆಗೆ, ಅಂಥದೊಂದು ಪಂಚಾಂಗ ಇದೆಯೇ? ಇದೆ ಎನ್ನುತ್ತದೆ ಸಂವಿಧಾನ. ಆದರೆ ಅದನ್ನು ಓದಿ ಹೇಳುವ ಜೋಯಿಸರು ಒಬ್ಬರಲ್ಲ, ಹಲವರು. ತೊಡಕು ಹುಟ್ಟುವುದು ಅಲ್ಲಿಯೇ.

1993ರಲ್ಲಿ ಜಾರಿಗೆ ಬಂದ ಸಂವಿಧಾನದ 73 ಮತ್ತು 74ನೆಯ ತಿದ್ದುಪಡಿಗಳು ಹಳ್ಳಿಯ ಪಂಚಾಯಿತಿಗೂ ನಗರದ ಪಾಲಿಕೆಗೂ ಐದು ವರ್ಷಗಳ ಆಯುಷ್ಯವನ್ನು ಬರೆದವು. ಅವಧಿ ಮುಗಿಯುವುದಕ್ಕೆ ಮೊದಲೇ ಹೊಸ ಚುನಾವಣೆ ಮುಗಿದಿರಬೇಕು. ನಡುವೆ ವಿಸರ್ಜನೆಯಾದರೆ ಆರು ತಿಂಗಳೊಳಗೆ ನಡೆಯಬೇಕು. ಮತದಾರರ ಪಟ್ಟಿಯ ತಯಾರಿ, ಚುನಾವಣೆಯ ನಿರ್ವಹಣೆ ಎರಡನ್ನೂ ರಾಜ್ಯ ಚುನಾವಣಾ ಆಯೋಗಕ್ಕೆ ಒಪ್ಪಿಸಲಾಯಿತು. ಲೋಕಸಭೆ, ವಿಧಾನಸಭೆಗಳ ಚುನಾವಣೆ ನಡೆಸುವ ದಿಲ್ಲಿಯ ಆಯೋಗ ಬೇರೆ, ಇದು ಬೇರೆ. ಈ ಭೇದ ಎಷ್ಟೋ ಮತದಾರರಿಗೆ ಇಂದಿಗೂ ಸ್ಪಷ್ಟವಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಐದು ವರ್ಷಗಳ ಎಣಿಕೆ ಮತ ಹಾಕಿದ ದಿನದಿಂದಲ್ಲ, ಫಲಿತಾಂಶದ ದಿನದಿಂದಲೂ ಅಲ್ಲ. ಹೊಸ ಸಂಸ್ಥೆಯ ಮೊದಲ ಸಭೆಗೆ ಗೊತ್ತಾದ ದಿನದಿಂದ. ಓದುವಾಗ ಇದು ಗುಮಾಸ್ತರ ಮಾತಿನಂತೆ ಕಾಣುತ್ತದೆ. ಅದರ ಪರಿಣಾಮ ಎಷ್ಟೆಂಬುದನ್ನು ತಿಳಿಯಲು ದೂರ ಹೋಗಬೇಕಿಲ್ಲ, ಕಲಬುರಗಿಯ ತನಕ ಹೋದರೆ ಸಾಕು.

ಗುಲ್ಬರ್ಗಾ ಎಂಬ ಹೆಸರಿದ್ದಾಗ, 2013ರ ಮಾರ್ಚ್ 7ರಂದು, ಆ ನಗರದ ಮಹಾನಗರ ಪಾಲಿಕೆಗೆ ಚುನಾವಣೆ ನಡೆಯಿತು. ಮುಂದಿನ ಚುನಾವಣೆ ನಡೆದದ್ದು 2021ರ ಸೆಪ್ಟೆಂಬರ್ 3ರಂದು. ನಡುವೆ ಎಂಟೂವರೆ ವರ್ಷ! ಮೊದಲ ಚುನಾವಣೆಯ ದಿನ ಒಂದನೆಯ ತರಗತಿಯಲ್ಲಿದ್ದ ಮಗು ಎರಡನೆಯದರ ಹೊತ್ತಿಗೆ ಪ್ರೌಢಶಾಲೆಯಲ್ಲಿತ್ತು. ಹಾಗಾದರೆ ಎರಡನೆಯ ಚುನಾವಣೆಯ ಏರ್ಪಾಡಿಗೆ ಎಷ್ಟು ದಿನ ಬೇಕಾಯಿತು? ಆಗಸ್ಟ್ 16ಕ್ಕೆ ಅಧಿಸೂಚನೆ, 23 ನಾಮಪತ್ರಕ್ಕೆ ಕೊನೆಯ ದಿನ, 24ಕ್ಕೆ ಪರಿಶೀಲನೆ, 26 ಹಿಂತೆಗೆತಕ್ಕೆ ಕೊನೆಯ ದಿನ, ಸೆಪ್ಟೆಂಬರ್ 3ಕ್ಕೆ ಮತದಾನ, 6ಕ್ಕೆ ಎಣಿಕೆ. ಅಧಿಸೂಚನೆಯಿಂದ ಮತದಾನಕ್ಕೆ ಹದಿನೆಂಟೇ ದಿನ. ಗಣೇಶ ಚೌತಿ 10ನೆಯ ತಾರೀಖಿಗಿತ್ತು. ಅದರೊಳಗೆ ಎಲ್ಲವೂ ಮುಗಿದಿತ್ತು. ಎಣಿಕೆಯ ದಿನ ಶ್ರಾವಣದ ಅಮಾವಾಸ್ಯೆ. ಅಮಾವಾಸ್ಯೆಯಲ್ಲಿ ನಾಮಪತ್ರ ಕೊಡಲು ಹಿಂಜರಿಯುವ ಅಭ್ಯರ್ಥಿಗಳು ಅಮಾವಾಸ್ಯೆಯಲ್ಲಿ ಗೆಲ್ಲಲು ಹಿಂಜರಿದ ದಾಖಲೆಯಿಲ್ಲ.

ಕತೆ ಅಲ್ಲಿಗೂ ಮುಗಿಯಲಿಲ್ಲ. 55 ವಾರ್ಡುಗಳಲ್ಲಿ ಕಾಂಗ್ರೆಸ್ಸಿಗೆ 27, ಬಿಜೆಪಿಗೆ 23, ಜನತಾದಳಕ್ಕೆ 4, ಪಕ್ಷೇತರರಿಗೆ 1. ಯಾರಿಗೂ ಬಹುಮತವಿಲ್ಲ. ಮೇಯರ್ ಆಯ್ಕೆಯಲ್ಲಿ ಗೆದ್ದ ಸದಸ್ಯರ ಜೊತೆಗೆ ಶಾಸಕರಿಗೂ ಸಂಸದರಿಗೂ ಮತವಿರುತ್ತದೆ. ಹೊರ ಜಿಲ್ಲೆಗಳ ವಿಧಾನ ಪರಿಷತ್ ಸದಸ್ಯರ ಹೆಸರು ಇಲ್ಲಿನ ಪಟ್ಟಿಗೆ ಸೇರಿದ ಬಗ್ಗೆ ತಕರಾರೆದ್ದು ಅದು ನ್ಯಾಯಾಲಯದ ಮೆಟ್ಟಿಲೇರಿತು. ಮೇಯರ್ ಆಯ್ಕೆಯಾದದ್ದು 2023ರ ಮಾರ್ಚ್‌ನಲ್ಲಿ. ಗೆದ್ದವರು ಗೆದ್ದು ಒಂದೂವರೆ ವರ್ಷ, ಸಭೆ ಇಲ್ಲದೆ, ಅಧಿಕಾರ ಇಲ್ಲದೆ ಕಾದರು. ಚರಂಡಿ ಕಟ್ಟಿತೆಂದು ಮನೆ ಬಾಗಿಲಿಗೆ ಬಂದವರಿಗೆ ಅವರು ಏನು ಹೇಳಿರಬಹುದು, ಊಹಿಸಿಕೊಳ್ಳಿ. 2018ರ ಆಗಸ್ಟ್ 31ರಂದು ಮತದಾನವಾದ ಪಟ್ಟಣಗಳ ಪಾಡೂ ಇದೇ. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿಯ ಜಗಳದಲ್ಲಿ ಅಲ್ಲಿನ ಬಹಳಷ್ಟು ಸದಸ್ಯರು 2020ರ ಕೊನೆಯವರೆಗೆ ಬರೀ ಹೆಸರಿನ ಸದಸ್ಯರಾಗಿ ಉಳಿದರು.

ಹದಿನೆಂಟು ದಿನಗಳಲ್ಲಿ ಆಗುವ ಕೆಲಸಕ್ಕೆ ವರ್ಷಗಳು ಏಕೆ ಬೇಕು? ಆಯೋಗ ದಿನ ಗೊತ್ತುಮಾಡುವ ಮೊದಲು ಎರಡು ಕಡತಗಳು ಬೇರೆಯವರ ಮೇಜಿನಿಂದ ಬರಬೇಕು. ಮೊದಲನೆಯದು ವಾರ್ಡುಗಳ ಗಡಿ. ಜನಗಣತಿಯ ಸಂಖ್ಯೆಯನ್ನು ಹಿಡಿದು ಓಣಿ ಓಣಿಗಳನ್ನು ಹಂಚುವುದು ಇದು. ಎರಡನೆಯದು ಮೀಸಲಾತಿ. ಪರಿಶಿಷ್ಟ ಜಾತಿ, ಪಂಗಡಗಳಿಗೆ ಜನಸಂಖ್ಯೆಯ ಪ್ರಮಾಣದಲ್ಲಿ, ಹಿಂದುಳಿದ ವರ್ಗಗಳಿಗೆ ಗೊತ್ತಾದ ಮಿತಿಯಲ್ಲಿ, ಮಹಿಳೆಯರಿಗೆ ಅರ್ಧದಷ್ಟು. ಅದೂ ಪ್ರತಿ ಚುನಾವಣೆಗೆ ಸ್ಥಾನ ಬದಲಿಸುತ್ತ. ನಗರಗಳ ಮಟ್ಟಿಗೆ ಎರಡೂ ರಾಜ್ಯ ಸರ್ಕಾರದ ಕೈಯಲ್ಲಿವೆ. ಕರಡು ಪ್ರಕಟವಾದರೆ ಆಕ್ಷೇಪಣೆ, ಅಂತಿಮವಾದರೆ ರಿಟ್ ಅರ್ಜಿ. ಯಾರದೋ ಓಣಿ ಪಕ್ಕದ ವಾರ್ಡಿಗೆ ಹೋಯಿತು, ಯಾರದೋ ವಾರ್ಡು ಮಹಿಳೆಗೆ ಮೀಸಲಾಯಿತು. ನ್ಯಾಯವಾದ ಆಕ್ಷೇಪಣೆಗಳೂ ಇರುತ್ತವೆ. ಕಾಲ ಕಳೆಯಲೆಂದೇ ಹಾಕಿದವೂ ಇರುತ್ತವೆ. ಅಧಿಕಾರದಲ್ಲಿರುವ ಪಕ್ಷಕ್ಕೆ ಗಾಳಿ ಅನುಕೂಲವಿಲ್ಲವೆನಿಸಿದಾಗ ಈ ಕಡತಗಳು ನಿಧಾನವಾಗುವುದನ್ನು ಜನ ಯಾವ ಒಂದು ಪಕ್ಷದ ಆಡಳಿತದಲ್ಲಿಯೂ ಅಲ್ಲ, ಎಲ್ಲರ ಆಡಳಿತದಲ್ಲಿಯೂ ನೋಡಿದ್ದಾರೆ.

ಬೆಂಗಳೂರಿನದು ಇದರ ದೊಡ್ಡ ರೂಪ. 2006ರಲ್ಲಿ ಅವಧಿ ಮುಗಿದ ಪಾಲಿಕೆಗೆ ಚುನಾವಣೆಯಾದದ್ದು 2010ರ ಮಾರ್ಚ್ 28ಕ್ಕೆ. 2015ರಲ್ಲಿ ಆಯ್ಕೆಯಾದವರ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಆಮೇಲೆ 198 ವಾರ್ಡುಗಳು 243 ಆದವು, 243 ತಿರುಗಿ 225 ಆದವು, ಕೊನೆಗೆ 2025ರ ಸೆಪ್ಟೆಂಬರ್ 2ರಂದು ಪಾಲಿಕೆಯೇ ಐದಾಯಿತು. ಗಡಿಗಳು ಮೂರು ಸಲ ಬದಲಾದವು, ಮತಪೆಟ್ಟಿಗೆ ಒಮ್ಮೆಯೂ ಹೊರಬರಲಿಲ್ಲ.

ಸರ್ವೋಚ್ಚ ನ್ಯಾಯಾಲಯ ಇದನ್ನು ಕಾಣದೆ ಇಲ್ಲ. ಅಹಮದಾಬಾದ್ ಪಾಲಿಕೆಯ ಪ್ರಕರಣದಲ್ಲಿ, 2006ರಲ್ಲಿ, ಅವಧಿಯೊಳಗೆ ಚುನಾವಣೆ ನಡೆಸುವುದು ಆಯೋಗದ ಕರ್ತವ್ಯ, ಗಡಿ ಗುರುತಿಸುವ ಕೆಲಸ ಬಾಕಿಯಿದೆ ಎಂಬುದು ನೆಪವಾಗಬಾರದು ಎಂದಿತು. 2022ರಲ್ಲಿ ಮಧ್ಯಪ್ರದೇಶದ ಪ್ರಕರಣದಲ್ಲಿ ಹೊಸ ಗಡಿಗಾಗಿ ಕಾಯದೆ ಹಳೆಯ ವಾರ್ಡುಗಳ ಮೇಲೆಯೇ ಚುನಾವಣೆ ನಡೆಸಿ ಎಂದಿತು. ಅದಕ್ಕೂ ಮೊದಲು, 2021ರಲ್ಲಿ, ಹಿಂದುಳಿದ ವರ್ಗಗಳ ಮೀಸಲಾತಿಗೆ ಅಧ್ಯಯನ, ಅಂಕಿಅಂಶ, ಒಟ್ಟು ಐವತ್ತು ಪ್ರತಿಶತದ ಮಿತಿ ಎಂಬ ಮೂರು ಷರತ್ತುಗಳನ್ನು ಒತ್ತಿ ಹೇಳಿದ್ದೂ ಅದೇ ನ್ಯಾಯಾಲಯ. ಒಂದು ತೀರ್ಪು ಬೇಗ ನಡೆಸಿ ಎನ್ನುತ್ತದೆ, ಇನ್ನೊಂದು ಮೊದಲು ಲೆಕ್ಕ ತನ್ನಿ ಎನ್ನುತ್ತದೆ. ಲೆಕ್ಕ ತರುವುದು ಸರ್ಕಾರದ ಕೆಲಸವಾದ್ದರಿಂದ ಮೆಲ್ಲಗೆ ನಡೆಯಲು ಅದಕ್ಕೊಂದು ಕಾರಣ ಸಿಕ್ಕಂತಾಯಿತು.

ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಸ್ಥಿತಿ ಇನ್ನೂ ಕಠಿಣ. 2016ರ ಫೆಬ್ರುವರಿಯಲ್ಲಿ ಆಯ್ಕೆಯಾದವರ ಅವಧಿ 2021ಕ್ಕೆ ತೀರಿತು. ಆಯೋಗ ಕ್ಷೇತ್ರಗಳನ್ನು ಗುರುತಿಸಿ ಮೀಸಲಾತಿಯ ಕರಡನ್ನೂ ಪ್ರಕಟಿಸಿತ್ತು. ಅದೇ ವರ್ಷ ಕಾಯಿದೆಗೆ ತಿದ್ದುಪಡಿ ತಂದು ಆ ಅಧಿಕಾರವನ್ನು ಆಯೋಗದಿಂದ ತೆಗೆದು ಬೇರೊಂದು ಸೀಮಾ ನಿರ್ಣಯ ಆಯೋಗಕ್ಕೆ ಕೊಡಲಾಯಿತು. ಆ ವರ್ಷ ಚುನಾವಣೆಯಾಗಲಿಲ್ಲ, ಮುಂದಿನ ಮೂರು ವರ್ಷಗಳಲ್ಲೂ ಆಗಲಿಲ್ಲ. ಅಫಜಲಪುರ, ಆಳಂದ, ಜೇವರ್ಗಿ ತಾಲ್ಲೂಕುಗಳ ಜನ ಆ ಕಾಲದಲ್ಲಿ ರಸ್ತೆಗೋ ಶಾಲೆಯ ಕೋಣೆಗೋ ಕೇಳಬೇಕಾದರೆ ಕೇಳಬೇಕಾದದ್ದು ಆಡಳಿತಾಧಿಕಾರಿಯನ್ನು. ಅವರು ಒಳ್ಳೆಯವರೇ ಇರಬಹುದು. ಆದರೆ ಐದು ವರ್ಷಕ್ಕೊಮ್ಮೆ ಮತ ಕೇಳಲು ಅವರು ಓಣಿಗೆ ಬರುವುದಿಲ್ಲ.

ಇನ್ನು ಗಾಣಗಾಪುರದ ಮಾತು. ಇದು ನಗರವಲ್ಲ, ಜಾತ್ರೆಯ ದಿನಗಳಲ್ಲಿ ಮಾತ್ರ ನಗರ. ಇಲ್ಲಿನದು ಗ್ರಾಮ ಪಂಚಾಯಿತಿ, ಪಕ್ಷದ ಚಿಹ್ನೆ ಇಲ್ಲದ ಚುನಾವಣೆ. 2015ರ ಬಳಿಕ ಗ್ರಾಮ ಪಂಚಾಯಿತಿಗಳಿಗೆ 2020ರ ಮಧ್ಯದಲ್ಲಿ ಚುನಾವಣೆ ಬರಬೇಕಿತ್ತು. ಕೊರೊನಾದಿಂದ ಮುಂದೆ ಹೋಯಿತು. ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿ ದಡದ ಹಳ್ಳಿಗಳನ್ನು ನುಗ್ಗಿದಳು. ಗಾಣಗಾಪುರದ ಸೇತುವೆ ಮುಳುಗಿತು. ಆ ಕೆಸರು ಒಣಗುವಷ್ಟರಲ್ಲಿ ಚುನಾವಣೆಯ ಪ್ರಕಟಣೆ ಬಂತು. ರಾಜ್ಯದಲ್ಲಿ ಎರಡು ಹಂತ, ಡಿಸೆಂಬರ್ 22 ಮತ್ತು 27, ಎಣಿಕೆ 30ಕ್ಕೆ. ಆ ವರ್ಷದ ದತ್ತ ಜಯಂತಿ ಬಿದ್ದದ್ದು 29ಕ್ಕೆ, ಮತದಾನಕ್ಕೂ ಎಣಿಕೆಗೂ ನಡುವೆ! ಬೆಂಗಳೂರಿನಲ್ಲಿ ಕೂತು ರಾಜ್ಯಕ್ಕೆಲ್ಲ ಒಂದೇ ವೇಳಾಪಟ್ಟಿ ಹಾಕುವವರಿಗೆ ಪ್ರತಿಯೊಂದು ಊರಿನ ಜಾತ್ರೆ ನೋಡಲಾಗದು, ನಿಜ. ಅದೇ ತಿಂಗಳು ತೊಗರಿಯ ಕೊಯ್ಲು. ಇದು ತೊಗರಿಯ ನಾಡು. ಗುಳೆ ಹೋಗುವ ಕುಟುಂಬಗಳು ಮುಂಬೈ, ಪುಣೆ, ಬೆಂಗಳೂರುಗಳ ದಾರಿ ಹಿಡಿದಿರುತ್ತವೆ. ಅವರು ಮತಕ್ಕಾಗಿ ಬರಬೇಕಾದರೆ ಬಸ್ಸಿನ ಖರ್ಚು, ಎರಡು ದಿನದ ಕೂಲಿ ಎರಡನ್ನೂ ಬಿಡಬೇಕು. ಆ ಖರ್ಚನ್ನು ಕೊಡಲು ಮುಂದೆ ಬರುವ ಅಭ್ಯರ್ಥಿ ಏತಕ್ಕಾಗಿ ಬರುತ್ತಾನೆಂಬುದು ಎಲ್ಲರಿಗೂ ಗೊತ್ತು.

ಮತದಾರರ ಪಟ್ಟಿಯ ಕೆಲಸ ಕಾಣದ ಕೆಲಸ. ವಿಧಾನಸಭೆಯ ಪಟ್ಟಿಯನ್ನೇ ತೆಗೆದುಕೊಂಡು ವಾರ್ಡುವಾರು ಒಡೆಯುತ್ತಾರೆ. ಒಡೆಯುವಾಗ ಒಂದೇ ಮನೆಯ ಅತ್ತೆ ಒಂದು ವಾರ್ಡಿಗೆ, ಸೊಸೆ ಇನ್ನೊಂದಕ್ಕೆ ಹೋಗುವುದುಂಟು. ಲೋಕಸಭೆಗೆ ಇದರಿಂದ ನಷ್ಟವಿಲ್ಲ. ಕೆಲವೇ ನೂರು ಮತಗಳ ವಾರ್ಡಿನಲ್ಲಿ ಎರಡು ಮನೆ ಆಚೀಚೆಯಾದರೆ ಫಲಿತಾಂಶವೇ ಬದಲಾಗುತ್ತದೆ. ಕರಡು ಪಟ್ಟಿ ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಿದ ವಾರದಲ್ಲಿ ಹೋಗಿ ಓದುವವರು ಬೆರಳೆಣಿಕೆಯಷ್ಟು. ಮತದಾನದ ದಿನ ಹೆಸರಿಲ್ಲವೆಂದು ಕೂಗುವವರು ಅದಕ್ಕಿಂತ ಬಹಳ.

ಪಟ್ಟಿಯಲ್ಲಿ ಎಂದೂ ಕಾಣದ ಇನ್ನೊಂದು ಸಂಖ್ಯೆ ಈ ಊರಿಗುಂಟು. ಪಂಚಾಯಿತಿಯಲ್ಲಿ ಜನಸಂಖ್ಯೆಯ ನಾನೂರಕ್ಕೆ ಒಬ್ಬ ಸದಸ್ಯ ಎಂಬುದು ಕಾಯಿದೆಯ ಲೆಕ್ಕ. ಅದು ಜನಗಣತಿಯಲ್ಲಿ ಬರೆಸಿಕೊಂಡ ನಿವಾಸಿಗಳ ಲೆಕ್ಕ. ಹುಣ್ಣಿಮೆಗೆ ಬಂದು ಸಂಗಮದಲ್ಲಿ ಮಿಂದು, ನಿರ್ಗುಣ ಪಾದುಕೆಯ ದರ್ಶನ ಪಡೆದು, ಐದು ಮನೆಯಲ್ಲಿ ಮಾಧುಕರಿ ಬೇಡಿ ಹೋಗುವ ಮಹಾರಾಷ್ಟ್ರದ ಭಕ್ತರು ಅದರಲ್ಲಿಲ್ಲ. ಅವರು ಕುಡಿಯುವ ನೀರು, ಬಿಟ್ಟುಹೋಗುವ ಕಸ, ಬಳಸುವ ಶೌಚಾಲಯ ಮಾತ್ರ ಊರಿನ ಲೆಕ್ಕಕ್ಕೆ ಬರುತ್ತವೆ. ಹೀಗಾಗಿ ಇಲ್ಲಿ ಸದಸ್ಯನಾಗಲು ನಿಂತವನು ಮತ ಕೇಳುವುದು ಕೆಲವೇ ಸಾವಿರ ಜನರನ್ನು, ಗೆದ್ದ ಮೇಲೆ ವ್ಯವಸ್ಥೆ ಮಾಡಬೇಕಾದದ್ದು ಅದರ ಎಷ್ಟೋ ಪಟ್ಟು ಜನರಿಗೆ. ಮುಂದಿನ ಸಲ ಕರಡು ಪಟ್ಟಿ ಗೋಡೆಗೆ ಬಂದಾಗ ಅದರ ಮುಂದೆ ನಿಂತು ಮತ ಬೇಡುವವರನ್ನು ಊರಿನವರು ಕೇಳಬಹುದಾದ ಮೊದಲ ಪ್ರಶ್ನೆ ಇದೇ: ಹುಣ್ಣಿಮೆಯ ಮರುದಿನ ಸಂಗಮದ ದಾರಿ ಗುಡಿಸುವವರಾರು, ಅದಕ್ಕೆ ದುಡ್ಡು ಎಲ್ಲಿಂದ?